ಚೌಕಶಿ ಮಾಡದೆ ರೊಕ್ಕ ಕೊಡಬೇಡ್ರಿ: ಮೊಬೈಲ್‌ನಲ್ಲಿ ಬರುವ ಬೀಗತನದ ಮೋಸ

ಜತ್ತ: ‘ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು’ ಎಂಬ ಗಾದೆ ಎಲ್ಲರಿಗೂ ಗೊತ್ತು. ಗಡಿಭಾಗದ ಹಿರಿಯರಿಗೆ ಆ ಸುಳ್ಳು ಹಿಡಿಯುವ ದಾರಿಯೂ ಗೊತ್ತಿತ್ತು. ಉಮದಿ, ಸಂಖ, ಮಾಡಗ್ಯಾಳ, ಬಾಲಗಾಂವ ಕಡೆಯ ಮನೆಗೆ ಇಂಡಿ, ವಿಜಯಪುರ ಅಥವಾ ಅಥಣಿ ಭಾಗದಿಂದ ಕನ್ಯಾದ ಸುದ್ದಿ ಬಂದರೆ ಸೋದರಮಾವನೋ ದೊಡ್ಡಪ್ಪನೋ ಬಸ್ ಹತ್ತಿ ಆ ಊರಿಗೆ ಹೋಗುತ್ತಿದ್ದರು. ಹುಡುಗಿಯ ಮನೆಗೆ ಹೋಗುವ ಮೊದಲು ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತು, ಗಿರಣಿಯಲ್ಲಿ ನಿಂತು, ಗುಡಿ ಕಟ್ಟೆಯಲ್ಲಿ ಮಾತಾಡಿಸಿ ಮನೆತನ ಎಂಥದ್ದು ಎಂದು ಕೇಳಿಕೊಂಡು ಬರುತ್ತಿದ್ದರು. ಇದಕ್ಕೆ ನಮ್ಮ ಕಡೆ ‘ಚೌಕಶಿ’ ಎನ್ನುತ್ತಾರೆ. ಮರಾಠಿಯಲ್ಲೂ ಅದೇ ಮಾತು, ಕನ್ನಡದಲ್ಲೂ ಅದೇ ಮಾತು.

ಈಗ ಬೀಗತನ ಮೊಬೈಲ್‌ನಲ್ಲಿ ಬರುತ್ತಿದೆ. ವಧು-ವರರ ವಾಟ್ಸಾಪ್ ಗ್ರೂಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಮ್ಯಾಟ್ರಿಮೊನಿ ಆಪ್, ಎಲ್ಲವೂ ಕೈಯಲ್ಲಿವೆ. ಫೋಟೊ ಬರುತ್ತದೆ, ಬಯೋಡಾಟಾ ಬರುತ್ತದೆ, ನಾಲ್ಕು ದಿನ ಮಾತುಕತೆಯೂ ಆಗುತ್ತದೆ. ನಡುವೆ ಬಿಟ್ಟುಹೋಗಿರುವುದು ಒಂದೇ, ಚೌಕಶಿ. ಮೋಸಗಾರರು ಕಾಲಿಡುವುದು ಸರಿಯಾಗಿ ಅಲ್ಲಿಯೇ.

ಹುಡುಗಿ ಯಾಕೆ ಸಿಗವಲ್ಲರು?

ಈ ಮೋಸ ನಮ್ಮ ಭಾಗದಲ್ಲಿ ಬೇರೂರಲು ಕಾರಣವಿದೆ. ಹೊಲ ಇದೆ, ದಾಳಿಂಬೆ ಇದೆ, ದ್ರಾಕ್ಷಿ ತೋಟ ಇದೆ, ಆದರೆ ಹುಡುಗನಿಗೆ ಕನ್ಯಾ ಇಲ್ಲ ಎಂಬ ಮಾತು ಊರೂರಲ್ಲಿ ಕೇಳುತ್ತದೆ. 2001ರ ಜನಗಣತಿಯಲ್ಲಿ ಸಾಂಗಲಿ ಜಿಲ್ಲೆಯ ಆರು ವರ್ಷದವರೆಗಿನ ಮಕ್ಕಳಲ್ಲಿ 1000 ಗಂಡು ಮಕ್ಕಳಿಗೆ ಕೇವಲ 851 ಹೆಣ್ಣು ಮಕ್ಕಳಿದ್ದರು. ಅಂದು ಅಂಗಳದಲ್ಲಿ ಆಡುತ್ತಿದ್ದ ಆ ಗಂಡು ಮಕ್ಕಳೇ ಇಂದು ಮದುವೆ ವಯಸ್ಸಿಗೆ ಬಂದು ನಿಂತಿದ್ದಾರೆ. ಅವರ ಜೊತೆ ಹುಟ್ಟಬೇಕಾಗಿದ್ದ ಹೆಣ್ಣು ಮಕ್ಕಳು ಹುಟ್ಟಲೇ ಇಲ್ಲ. ಮಿರಜ ತಾಲೂಕಿನ ಮ್ಹೈಸಾಳದಲ್ಲಿ 2017ರ ಮಾರ್ಚ್‌ನಲ್ಲಿ ಹೂತಿಟ್ಟ 19 ಭ್ರೂಣಗಳು ಸಿಕ್ಕಿದ್ದನ್ನು ಜಿಲ್ಲೆಯ ಜನ ಇನ್ನೂ ಮರೆತಿಲ್ಲ.

ಇದು ಒಂದು ತಾಲೂಕಿನ ಸಂಕಟವಲ್ಲ. 2022ರ ಡಿಸೆಂಬರ್‌ನಲ್ಲಿ ಸೊಲ್ಲಾಪುರದಲ್ಲಿ ಮದುವೆಯಾಗದ ಯುವಕರು ವರನ ವೇಷದಲ್ಲಿ, ಕುದುರೆ ಏರಿ, ಬ್ಯಾಂಡ್ ಬಾರಿಸುತ್ತ ಜಿಲ್ಲಾಧಿಕಾರಿ ಕಚೇರಿಗೆ ಮೆರವಣಿಗೆ ಹೋದರು. ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯನ್ನು ಬಿಗಿಯಾಗಿ ಜಾರಿಗೆ ತರಬೇಕು ಎಂಬುದು ಅವರ ಬೇಡಿಕೆಯಾಗಿತ್ತು. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ರೈತ ಯುವಕರು ಕನ್ಯಾ ಸಿಗಲಿ ಎಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದರು. ಎರಡೂ ಸುದ್ದಿಗಳನ್ನು ಓದಿ ಹಲವರು ನಕ್ಕರು. ಆದರೆ ಮನೆಯಲ್ಲಿ 35 ದಾಟಿದ ಮಗನಿರುವ ತಾಯಿ-ತಂದೆಗೆ ಅದು ನಗುವ ವಿಷಯವಾಗಿರಲಿಲ್ಲ.

ಈ ಸಂಕಟ ಮೋಸಗಾರರಿಗೆ ಚೆನ್ನಾಗಿ ಗೊತ್ತು. ಹಸಿದವನ ಮುಂದೆ ಊಟದ ಮಾತು ತೆಗೆದಂತೆ ಅವರು ಮದುವೆಯ ಮಾತು ತೆಗೆಯುತ್ತಾರೆ.

‘ಹುಡುಗಿ ಅದಾಳ್ರಿ, ರೊಕ್ಕ ತಯಾರ ಇಡ್ರಿ’

ಮೊದಲನೆಯ ಬಗೆಯ ಮೋಸ ಏಜೆಂಟರದು. ಸಾಮಾನ್ಯವಾಗಿ ಅದು ನಡೆಯುವುದು ಹೀಗೆ: ಬೇದಾಣಿಯೋ ದಾಳಿಂಬೆಯೋ ಮಾರಾಟವಾಗಿ ಕೈಯಲ್ಲಿ ರೊಕ್ಕ ಇರುವ ಹೊತ್ತು. ವಾಟ್ಸಾಪ್‌ನಲ್ಲಿ ಒಂದು ಫೋಟೊ ಬರುತ್ತದೆ. ‘ಬಡವರ ಮನಿ ಹುಡುಗಿ, ತಂದಿ ಇಲ್ಲ, ವರದಕ್ಷಿಣೆ ಬ್ಯಾಡ, ಮದುವಿ ಖರ್ಚು ನೀವ ನೋಡ್ಕೊಳ್ರಿ’ ಎಂಬ ಮಾತು. ಹುಡುಗಿಯ ಊರು ಯಾವಾಗಲೂ ದೂರದ್ದೇ. ಮನೆಗೆ ಬರುತ್ತೇವೆ ಎಂದರೆ ಅಲ್ಲಿ ಸೂತಕ, ಇಲ್ಲವೇ ಯಾರಿಗೋ ಆರಾಮಿಲ್ಲ. ಯಾವುದೋ ಊರಿನ ಲಾಡ್ಜಿನಲ್ಲೋ ದೇವಸ್ಥಾನದಲ್ಲೋ ಭೇಟಿ. ಜೊತೆಗೆ ‘ಮಾವಶಿ’, ‘ಅಣ್ಣ’ ಎಂದು ಇಬ್ಬರು ಬರುತ್ತಾರೆ. ‘ಇವತ್ತ ಮುಗಸ್ರಿ, ಇಲ್ಲಾಂದ್ರ ಬ್ಯಾರೆ ಕಡಿ ಸ್ಥಳ ಬಂದೈತಿ’ ಎಂದು ಅವಸರ ಮಾಡುತ್ತಾರೆ. ಎರಡೋ ಮೂರೋ ಲಕ್ಷ ರೂಪಾಯಿ ಕೈ ಬದಲಾಗುತ್ತದೆ. ಹಾರ ಹಾಕಿಸಿ, ಸ್ಟ್ಯಾಂಪ್ ಪೇಪರ್ ಮೇಲೆ ಬರೆದು ನೋಟರಿ ಮಾಡಿಸುತ್ತಾರೆ. ಎಂಟು-ಹತ್ತು ದಿನಗಳಲ್ಲಿ ಸೊಸೆಯೂ ಇಲ್ಲ, ಮೈಮೇಲಿನ ಬಂಗಾರವೂ ಇಲ್ಲ. ಏಜೆಂಟನ ಫೋನ್ ಸ್ವಿಚ್ ಆಫ್.

ಇಲ್ಲಿ ಇನ್ನೂ ಒಂದು ವಿಷಯ ಗಮನಿಸಬೇಕು. ಹೀಗೆ ಕರೆತಂದ ಹುಡುಗಿಯೇ ಕೆಲವೊಮ್ಮೆ ಬಲಿಪಶು. ಬಡತನದಿಂದ ಮಾರಾಟಕ್ಕೆ ಸಿಕ್ಕವಳು ಇರಬಹುದು, 18 ತುಂಬದವಳೂ ಇರಬಹುದು. ಅಪ್ರಾಪ್ತೆಯನ್ನು ಮದುವೆಯಾದರೆ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಡಿ 2 ವರ್ಷದವರೆಗೆ ಜೈಲು, 1 ಲಕ್ಷ ರೂ.ವರೆಗೆ ದಂಡ ಇದೆ. ಪೋಕ್ಸೊ ಕಾಯ್ದೆಯ ಶಿಕ್ಷೆ ಇನ್ನೂ ಕಠಿಣ. ರೊಕ್ಕ ಕಳೆದುಕೊಂಡವನೇ ಆರೋಪಿಯಾಗುವ ಪ್ರಸಂಗ ಬರುತ್ತದೆ. ಹುಡುಗಿ ಹೆದರಿದಂತೆ ಕಂಡರೆ, ವಯಸ್ಸಿನ ಬಗ್ಗೆ ಅನುಮಾನ ಬಂದರೆ, ಅಲ್ಲಿಯೇ ನಿಲ್ಲಿಸಿ 112 ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು.

ಪಾರ್ಸೆಲ್, ಷೇರು ಮತ್ತು ವಿಡಿಯೊ

ಎರಡನೆಯ ಬಗೆಯ ಮೋಸದಲ್ಲಿ ಎದುರಿನವರು ಕಣ್ಣಿಗೆ ಬೀಳುವುದೇ ಇಲ್ಲ. ಲಂಡನ್ ಡಾಕ್ಟರ್, ಅಮೆರಿಕದ ಎಂಜಿನಿಯರ್ ಎಂದು ಪರಿಚಯ. ಒಂದು ತಿಂಗಳು ದಿನಾಲೂ ‘ಊಟ ಆಯ್ತಾ?’ ಎಂಬ ಮೆಸೇಜು. ನಂತರ ಉಡುಗೊರೆ ಕಳಿಸಿದ್ದೇನೆ ಎಂಬ ಸುದ್ದಿ. ಮರುದಿನ ‘ಕಸ್ಟಮ್ಸ್ ಆಫೀಸ್’ ಹೆಸರಿನಲ್ಲಿ ಫೋನ್. ಪಾರ್ಸೆಲ್‌ನಲ್ಲಿ ಬಂಗಾರ, ಡಾಲರ್ ಇದೆ, ಮೊದಲು 35 ಸಾವಿರ ಕಟ್ಟಿರಿ ಎನ್ನುತ್ತಾರೆ. ಕಟ್ಟಿದರೆ ಇನ್ನೊಂದು ದಂಡ, ಮತ್ತೊಂದು ತೆರಿಗೆ. ನಿಜವಾದ ಕಸ್ಟಮ್ಸ್ ಇಲಾಖೆ ಯಾರದೋ ಖಾಸಗಿ ಖಾತೆಗೆ ರೊಕ್ಕ ಹಾಕಿ ಎಂದು ಹೇಳುವುದಿಲ್ಲ. ಇಲಾಖೆಯ ಪತ್ರಗಳ ಮೇಲೆ ಡಿಐಎನ್ ಎಂಬ ಗುರುತು ಸಂಖ್ಯೆ ಇರುತ್ತದೆ. ಅದನ್ನು ಇಲಾಖೆಯ ವೆಬ್‌ಸೈಟಿನಲ್ಲಿ ತಾಳೆ ನೋಡಬಹುದು.

ಮೂರನೆಯದು ಷೇರು ಮತ್ತು ಕ್ರಿಪ್ಟೊ ಹೆಸರಿನ ಮೋಸ. ಇಲ್ಲಿ ಪ್ರೀತಿಸುವ ಹುಡುಗಿ ರೊಕ್ಕ ಕೇಳುವುದಿಲ್ಲ, ರೊಕ್ಕ ಗಳಿಸುವುದನ್ನು ಕಲಿಸುತ್ತಾಳೆ. ಒಂದು ಆಪ್ ಹಾಕಿಸುತ್ತಾಳೆ. 5 ಸಾವಿರ ಹಾಕಿದರೆ 6 ಸಾವಿರ ವಾಪಸ್ ಬರುತ್ತದೆ. ನಂಬಿಕೆ ಕೂತ ಮೇಲೆ ಸಾಲ ತೆಗೆದು 5 ಲಕ್ಷ ಹಾಕಿದರೆ ಆಪ್‌ನಲ್ಲಿ 12 ಲಕ್ಷ ಕಾಣುತ್ತದೆ, ಆದರೆ ಕೈಗೆ ಒಂದು ಪೈಸೆ ಬರುವುದಿಲ್ಲ. ಇಂಥ ಸಂದೇಶ ಬರೆಯುವವರು ಸಾವಿರಾರು ಕಿ.ಮೀ. ದೂರದ ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್ ದೇಶಗಳಲ್ಲಿ ಕೂತಿರಬಹುದು. ಅಲ್ಲಿನ ಮೋಸದ ಅಡ್ಡೆಗಳಲ್ಲಿ ನೌಕರಿಯ ಆಸೆಗೆ ಹೋಗಿ ಸಿಕ್ಕಿಬಿದ್ದ ಭಾರತೀಯರೂ ಇದ್ದರು. 2025ರ ಮಾರ್ಚ್‌ನಲ್ಲಿ ಮ್ಯಾನ್ಮಾರ್ ಗಡಿಯ ಅಡ್ಡೆಗಳಿಂದ ಬಿಡುಗಡೆಯಾದ 549 ಭಾರತೀಯರನ್ನು ಸರ್ಕಾರ ವಾಯುಸೇನೆ ವಿಮಾನಗಳಲ್ಲಿ ಕರೆತಂದಿತು. ಅಂದರೆ ‘ಹುಡುಗಿ’ ಎಂದು ಮೆಸೇಜು ಹಾಕುವ ಕೈ, ಹೊಡೆತಕ್ಕೆ ಹೆದರಿ ಟೈಪ್ ಮಾಡುತ್ತಿರುವ ಯಾವುದೋ ಹುಡುಗನದೂ ಆಗಿರಬಹುದು.

ನಾಲ್ಕನೆಯದು ವಿಡಿಯೊ ಕಾಲ್. ರಾತ್ರಿ ಅಪರಿಚಿತ ಹುಡುಗಿಯ ವಿಡಿಯೊ ಕಾಲ್ ಬರುತ್ತದೆ, ಸಲಿಗೆಯ ಮಾತು ನಡೆಯುತ್ತದೆ. ಅದನ್ನೇ ರೆಕಾರ್ಡ್ ಮಾಡಿಕೊಂಡು ‘ನಿಮ್ಮ ಬೀಗರಿಗೆ, ಊರಿನ ಗ್ರೂಪಿಗೆ ಕಳಿಸ್ತೀವಿ’ ಎಂದು ಬೆದರಿಸುತ್ತಾರೆ. ಮಾರನೆಯ ದಿನ ‘ದಿಲ್ಲಿ ಪೊಲೀಸ್’ ಎಂದು ಇನ್ನೊಬ್ಬ ಫೋನ್ ಮಾಡುತ್ತಾನೆ. ಇಬ್ಬರೂ ಒಂದೇ ಟೋಳಿಯವರು. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ, ಕೊಡುವುದರಿಂದ ಬೆದರಿಕೆ ನಿಲ್ಲುವುದಿಲ್ಲ.

ಹೆಣ್ಣು ಮಕ್ಕಳ ಮನೆಯಲ್ಲೂ ಇದೇ ಗೋಳು

ಮೋಸ ಹೋಗುವವರು ಹುಡುಗರು ಮಾತ್ರ ಎಂದು ತಿಳಿಯಬಾರದು. ಪುಣೆ, ಮುಂಬೈ, ಬೆಂಗಳೂರಿನಲ್ಲಿ ನೌಕರಿ ಮಾಡುವ ಗಡಿಭಾಗದ ಹೆಣ್ಣು ಮಕ್ಕಳಿದ್ದಾರೆ. ಗಂಡ ತೀರಿದವರು, ಸೋಡಚಿಠ್ಠಿ ಆದವರು ಎರಡನೇ ಸಂಬಂಧಕ್ಕಾಗಿ ಆಪ್‌ನಲ್ಲಿ ಹೆಸರು ಹಾಕುತ್ತಾರೆ. 2023ರ ಜುಲೈನಲ್ಲಿ ಮೈಸೂರು ಪೊಲೀಸರು ಬೆಂಗಳೂರಿನ 35 ವರ್ಷದ ವ್ಯಕ್ತಿಯೊಬ್ಬನನ್ನು ಬಂಧಿಸಿದರು. ಡಾಕ್ಟರ್, ಎಂಜಿನಿಯರ್ ಎಂದು ಮ್ಯಾಟ್ರಿಮೊನಿ ತಾಣಗಳಲ್ಲಿ ಹೇಳಿಕೊಂಡು 15 ಮಹಿಳೆಯರನ್ನು ಮದುವೆಯಾಗಿದ್ದ ಎಂಬುದು ಆರೋಪ. ಡಾಕ್ಟರ್ ಎಂದು ತೋರಿಸಲು ತುಮಕೂರಿನಲ್ಲಿ ಒಂದು ಕ್ಲಿನಿಕ್ಕನ್ನೇ ತೆರೆದಿದ್ದ ಎಂದು ಆಗ ವರದಿಯಾಗಿತ್ತು. ಡಾಕ್ಟರಿಗೆ ಇಂಗ್ಲಿಷ್ ಯಾಕೆ ಸರಿಯಾಗಿ ಬರುತ್ತಿಲ್ಲ ಎಂದು ಅನುಮಾನಪಟ್ಟ ಹಲವು ಮಹಿಳೆಯರು ಅವನಿಂದ ದೂರ ಸರಿದು ಪಾರಾದರು. ಒಂದು ಸಣ್ಣ ಅನುಮಾನ ಎಷ್ಟು ಕೆಲಸ ಮಾಡುತ್ತದೆ ನೋಡಿ.

ನಮ್ಮ ರಾಜ್ಯದಲ್ಲೂ 2024ರ ಜುಲೈನಲ್ಲಿ ಪಾಲಘರ ಜಿಲ್ಲೆಯ ನಾಲಾಸೋಪಾರಾ ಪೊಲೀಸರು ಇಂಥದೇ ಆರೋಪದ ಮೇಲೆ ಒಬ್ಬನನ್ನು ಹಿಡಿದರು. ವಿಧವೆಯರು ಮತ್ತು ವಿಚ್ಛೇದನ ಪಡೆದವರನ್ನೇ ಹುಡುಕಿ 20ಕ್ಕೂ ಹೆಚ್ಚು ಮಹಿಳೆಯರನ್ನು ಮದುವೆಯಾಗಿ, ರೊಕ್ಕ-ಬಂಗಾರ ಎತ್ತಿಕೊಂಡು ಹೋಗುತ್ತಿದ್ದ ಎಂಬುದು ಪ್ರಕರಣ. ‘ಎರಡನೇ ಸಂಬಂಧ, ಬಹಳ ಕೇಳಬಾರದು’ ಎಂಬ ಸಂಕೋಚವೇ ಇಂಥವರ ಬಂಡವಾಳ. ಎರಡನೇ ಸಂಬಂಧವೆಂದರೆ ಇಮ್ಮಡಿ ಚೌಕಶಿ ಬೇಕು.

‘ನಮ್ಮ ಭಾಷಾ ಮಾತಾಡ್ತಾನ’ ಎಂಬುದು ಪುರಾವೆ ಅಲ್ಲ

ಗಡಿಭಾಗದ ಜನ ಒಂದು ಮಾತಿಗೆ ಬೇಗ ಕರಗುತ್ತಾರೆ. ಮಹಾರಾಷ್ಟ್ರದಲ್ಲಿದ್ದು ಕನ್ನಡ ಕೇಳಿದರೆ ನಮ್ಮವನೇ ಎನಿಸುತ್ತದೆ. ಗುಡ್ಡಾಪುರ ದಾನಮ್ಮನ ಫೋಟೊ ಡಿಪಿ ಹಾಕಿದ್ದರೆ ಇನ್ನೂ ನಂಬಿಕೆ. ಮೋಸಗಾರನಿಗೂ ಇದು ಗೊತ್ತು. ಮರಾಠಿಯವರ ಜೊತೆ ಮರಾಠಿ, ನಮ್ಮ ಜೊತೆ ವಿಜಯಪುರದ ಕನ್ನಡ. ಡಿಪಿಗೆ ದೇವರ ಫೋಟೊ ಯಾರು ಬೇಕಾದರೂ ಹಾಕಬಹುದು. ಭಾಷೆ, ಜಾತಿ, ಮಠ, ದೇವರು ಪರಿಚಯಕ್ಕೆ ಸಾಕು, ರೊಕ್ಕ ಕೊಡಲು ಸಾಲದು.

ವಿಡಿಯೊ ಕಾಲ್‌ನಲ್ಲಿ ಮುಖ ಕಂಡಿತು ಎಂಬುದೂ ಈಗ ಪೂರ್ತಿ ಪುರಾವೆ ಅಲ್ಲ. ಕಂಪ್ಯೂಟರಿನಿಂದ ಬೇರೆಯವರ ಮುಖ ಕೂಡಿಸಿ ಮಾತಾಡುವ ತಂತ್ರ ಬಂದಿದೆ. 2024ರ ಅಕ್ಟೋಬರ್‌ನಲ್ಲಿ ಹಾಂಗ್‌ಕಾಂಗ್ ಪೊಲೀಸರು ಹೀಗೆ ಸುಂದರಿಯರ ಮುಖ ತೋರಿಸಿ ಪ್ರೀತಿಯ ಹೆಸರಿನಲ್ಲಿ ಸುಲಿಯುತ್ತಿದ್ದ 27 ಜನರ ಗುಂಪನ್ನು ಬಂಧಿಸಿದ್ದರು. ಅವರು ಹೊಡೆದಿದ್ದ ಮೊತ್ತ ಸುಮಾರು 4.6 ಕೋಟಿ ಅಮೆರಿಕನ್ ಡಾಲರ್.

ಚೌಕಶಿ ಹ್ಯಾಂಗ ಮಾಡಬೇಕು?

ಹಳೆಯ ಚೌಕಶಿಗೆ ಹೊಸದನ್ನು ಸ್ವಲ್ಪ ಸೇರಿಸಿದರೆ ಸಾಕು.

1. ಊರಿಗೆ ಹೋಗಿ. ಹುಡುಗ ಅಥವಾ ಹುಡುಗಿಯ ಮನೆ ನೋಡದೆ, ಅಕ್ಕಪಕ್ಕದವರನ್ನು ಕೇಳದೆ ಮಾತು ಮುಂದುವರಿಸಬೇಡಿ. ಲಾಡ್ಜ್, ಬಸ್ ಸ್ಟ್ಯಾಂಡ್, ಹೋಟೆಲ್ ಭೇಟಿಯನ್ನು ಮನೆ ನೋಡಿದ್ದಕ್ಕೆ ಸಮ ಎಂದು ಎಣಿಸಬೇಡಿ. ಮಹಾರಾಷ್ಟ್ರದ ಹಳ್ಳಿಯಾದರೆ ಪೊಲೀಸ್ ಪಾಟೀಲರನ್ನು, ಸರಪಂಚರನ್ನು ಕೇಳಿ. ಕರ್ನಾಟಕದ ಹಳ್ಳಿಯಾದರೆ ಗ್ರಾಮ ಪಂಚಾಯಿತಿ ಸದಸ್ಯರನ್ನು, ಶಾಲೆಯ ಗುರುಗಳನ್ನು ಕೇಳಿ.

2. ಕಾಗದ ನೋಡಿ. ಮೊಬೈಲ್‌ನಲ್ಲಿ ಬಂದ ಆಧಾರ್ ಫೋಟೊ ನಂಬಬೇಡಿ, ಅಸಲಿ ಕಾರ್ಡ್ ಕೇಳಿ. ಅದರ ಮೇಲಿನ ಕ್ಯೂಆರ್ ಕೋಡನ್ನು ಯುಐಡಿಎಐ ಆಪ್‌ನಿಂದ ಸ್ಕ್ಯಾನ್ ಮಾಡಿದರೆ ಹೆಸರು, ವಯಸ್ಸು ತಾಳೆಯಾಗುತ್ತದೆ. ಶಾಲೆ ಬಿಟ್ಟ ದಾಖಲೆ ನೋಡಿ. ಎರಡನೇ ಸಂಬಂಧವಾದರೆ ಕೋರ್ಟಿನ ವಿಚ್ಛೇದನ ಆದೇಶ ಅಥವಾ ಮರಣ ದಾಖಲೆ ಕೇಳುವುದರಲ್ಲಿ ತಪ್ಪಿಲ್ಲ.

3. ಏಜೆಂಟನ ನೋಂದಣಿ ಕೇಳಿ. ಮಹಾರಾಷ್ಟ್ರದಲ್ಲಿ ವಿವಾಹ ಮಂಡಳಗಳ ನಿಯಂತ್ರಣ ಮತ್ತು ವಿವಾಹ ನೋಂದಣಿಗಾಗಿ 1998ರ ಕಾಯ್ದೆ ಇದೆ. ವಧು-ವರ ಸೂಚಕ ಕೇಂದ್ರ ನಡೆಸುವವರು ನೋಂದಣಿ ಮಾಡಿಸಿರಬೇಕು. ನೋಂದಣಿ ಕೇಳಿದ ಕೂಡಲೇ ಸಿಟ್ಟಾಗುವ ಏಜೆಂಟನಿಂದ ದೂರ ಇರುವುದೇ ಲೇಸು.

4. ಮದುವೆ ನೋಂದಣಿ ಮಾಡಿಸಿ. ಸ್ಟ್ಯಾಂಪ್ ಪೇಪರ್ ಮೇಲಿನ ನೋಟರಿ ಬರಹ ಮದುವೆ ನೋಂದಣಿ ಅಲ್ಲ. ಹಳ್ಳಿಯಲ್ಲಿ ಗ್ರಾಮ ಪಂಚಾಯತಿಯಲ್ಲೇ ನೋಂದಣಿ ಆಗುತ್ತದೆ. ‘ನೋಂದಣಿ ಬ್ಯಾಡ’ ಎಂದು ಹಟ ಹಿಡಿದರೆ ಯಾಕೆ ಎಂದು ಕೇಳಿ.

5. ಫೋಟೊ ತಾಳೆ ನೋಡಿ. ಬಂದ ಫೋಟೊವನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕಿದರೆ ಅದೇ ಫೋಟೊ ಬೇರೆ ಹೆಸರಿನಲ್ಲಿ ಇದೆಯೋ ಎಂದು ತಿಳಿಯಬಹುದು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅನುಮಾನದ ಫೋನ್ ನಂಬರ್ ಹಾಕಿ, ಅದರ ಮೇಲೆ ಹಿಂದೆ ದೂರು ಬಂದಿದೆಯೋ ಎಂದು ನೋಡುವ ಸೌಲಭ್ಯವಿದೆ.

6. ಭೇಟಿಗೆ ಮೊದಲು ರೊಕ್ಕ ಬೇಡ. ಪ್ರಯಾಣದ ಖರ್ಚು, ತಾಯಿಯ ಆಪರೇಷನ್, ಕಸ್ಟಮ್ಸ್, ರಿಚಾರ್ಜ್, ಏನೇ ಹೆಸರಿರಲಿ, ಬೇಡ. ರೊಕ್ಕ ಬರಬೇಕಾದರೆ ಯುಪಿಐ ಪಿನ್ ಹಾಕುವ ಅಗತ್ಯವೇ ಇಲ್ಲ. ಪಿನ್ ಹಾಕಿದರೆ ರೊಕ್ಕ ಹೋಗುತ್ತದೆ. ಹಾಗೆಯೇ ‘ನಿನ್ನ ಖಾತೆಗೆ ಸ್ವಲ್ಪ ರೊಕ್ಕ ಹಾಕ್ತೀನಿ, ಬ್ಯಾರೆ ಕಡಿ ಕಳಿಸು’ ಎಂದರೆ ಒಪ್ಪಲೇಬಾರದು. ಅದು ಇನ್ನೊಬ್ಬರಿಂದ ಕದ್ದ ರೊಕ್ಕವಾಗಿದ್ದರೆ ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ.

ಮೋಸ ಆದ ಮೇಲೆ

ಮೊದಲ ಕೆಲಸ 1930ಕ್ಕೆ ಫೋನ್. ದೇಶಕ್ಕೆಲ್ಲ ಒಂದೇ ನಂಬರ್. ಎಷ್ಟು ಬೇಗ ಫೋನ್ ಮಾಡುತ್ತೀರೋ ಅಷ್ಟು ಒಳ್ಳೆಯದು. ರೊಕ್ಕ ಇನ್ನೊಂದು ಖಾತೆಯಿಂದ ಮತ್ತೊಂದು ಖಾತೆಗೆ ಹಾರುವ ಮೊದಲು ಬ್ಯಾಂಕಿನವರು ತಡೆಹಿಡಿಯಬಹುದು. ಒಂದು ರಾತ್ರಿ ‘ನಾಳೆ ನೋಡೋಣ’ ಎಂದು ಮಲಗಿದರೆ ಅಷ್ಟರಲ್ಲಿ ರೊಕ್ಕ ಹತ್ತು ಖಾತೆ ದಾಟಿರುತ್ತದೆ. ಫೋನ್ ಮಾಡುವಾಗ ಕಳಿಸಿದ ಮೊತ್ತ, ದಿನ, ಸಮಯ, ಯುಟಿಆರ್ ನಂಬರ್, ನಿಮ್ಮ ಬ್ಯಾಂಕಿನ ಹೆಸರು ಕೈಯಲ್ಲಿರಲಿ. ನಿಮ್ಮ ಬ್ಯಾಂಕಿಗೂ ಕೂಡಲೇ ತಿಳಿಸಿ. ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಎರಡನೆಯದು, ನಾಚಿಕೊಂಡು ಚಾಟ್ ಅಳಿಸಿಹಾಕಬೇಡಿ. ಮೆಸೇಜು, ಫೋಟೊ, ನಂಬರ್, ಪ್ರೊಫೈಲ್ ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಆಮೇಲೆ ಬ್ಲಾಕ್ ಮಾಡಿ. ಅದೇ ಪೊಲೀಸರಿಗೆ ಪುರಾವೆ.

ಮೂರನೆಯದು ಗಡಿಭಾಗದವರು ಮುಖ್ಯವಾಗಿ ತಿಳಿಯಬೇಕಾದದ್ದು. ಹುಡುಗ ಜತ್ತ ತಾಲೂಕಿನವನು, ರೊಕ್ಕ ಕೊಟ್ಟದ್ದು ವಿಜಯಪುರದಲ್ಲಿ, ಖಾತೆ ಇರುವುದು ಇನ್ನೆಲ್ಲೋ. ಇಂಥ ಹೊತ್ತಿನಲ್ಲಿ ‘ಇದು ನಮ್ಮ ಹದ್ದಿನಲ್ಲಿ ಬರುವುದಿಲ್ಲ’ ಎಂಬ ಉತ್ತರ ಬರಬಹುದೆಂದು ಜನ ಠಾಣೆಗೇ ಹೋಗುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಅಪರಾಧ ಎಲ್ಲಿಯೇ ನಡೆದಿರಲಿ, ಯಾವುದೇ ಠಾಣೆಯಲ್ಲಿ ಫಿರ್ಯಾದಿ ಕೊಡಬಹುದು. ಇದಕ್ಕೆ ಝೀರೊ ಎಫ್‌ಐಆರ್ ಎನ್ನುತ್ತಾರೆ. ಆನ್‌ಲೈನ್‌ನಲ್ಲೂ ಮಾಹಿತಿ ಕೊಡಬಹುದು, ಆದರೆ 3 ದಿನಗಳೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು. ಉಮದಿಯವರು ಉಮದಿಯಲ್ಲೇ, ಜತ್ತದವರು ಜತ್ತದಲ್ಲೇ ಫಿರ್ಯಾದಿ ಕೊಡಬಹುದು. ಬೇರೆಯವರ ವೇಷದಲ್ಲಿ ಕಂಪ್ಯೂಟರ್, ಮೊಬೈಲ್ ಬಳಸಿ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ 3 ವರ್ಷದವರೆಗೆ ಜೈಲು ಇದೆ. ಭಾರತೀಯ ನ್ಯಾಯ ಸಂಹಿತೆಯ 318(4)ನೇ ಕಲಮಿನಡಿ ವಂಚನೆಗೆ 7 ವರ್ಷದವರೆಗೆ ಶಿಕ್ಷೆ ಇದೆ.

ಬೈಯುವುದನ್ನು ನಾಳೆಗೆ ಇಡಿ

ಸೈಬರ್ ವಂಚನೆಯಲ್ಲಿ ದೇಶದ ಜನ 2024ರಲ್ಲಿ ಕಳೆದುಕೊಂಡ ಮೊತ್ತ 22,845 ಕೋಟಿ ರೂ. ಎಂದು ಕೇಂದ್ರ ಗೃಹ ಇಲಾಖೆ ಸಂಸತ್ತಿಗೆ ತಿಳಿಸಿತ್ತು. ಇದು ಎಲ್ಲ ಬಗೆಯ ಮೋಸದ ಲೆಕ್ಕ, ಅದೂ ದೂರು ಕೊಟ್ಟವರದು ಮಾತ್ರ. ಮದುವೆಯ ಮೋಸದಲ್ಲಿ ದೂರು ಕೊಡದವರೇ ಹೆಚ್ಚು ಇರುತ್ತಾರೆ. ಬೀಗರ ಮುಂದೆ ಹೆಂಗ ಹೇಳೋದು, ಊರ ಮಂದಿ ನಗ್ತಾರ, ತಂಗಿಗೆ ಸ್ಥಳ ಬರೋದಿಲ್ಲ ಎಂಬ ಅಂಜಿಕೆ ಅವರನ್ನು ಬಾಯಿ ಮುಚ್ಚಿಸುತ್ತದೆ. ಮೋಸಗಾರನಿಗೆ ಬೇಕಾದದ್ದೂ ಅದೇ. ಒಂದು ಊರಿನಲ್ಲಿ ಯಾರೂ ಬಾಯಿ ಬಿಡಲಿಲ್ಲ ಎಂದರೆ ಅವನು ಅದೇ ಫೋಟೊ ಹಿಡಿದು ಪಕ್ಕದ ಊರಿಗೆ ಹೋಗುತ್ತಾನೆ.

ಆದ್ದರಿಂದ ಮನೆಯ ಹಿರಿಯರ ಪಾತ್ರ ದೊಡ್ಡದು. ಮಗ ರಾತ್ರಿ ಹೊತ್ತು ಒಬ್ಬನೇ ಫೋನ್ ಹಿಡಿದು ಹೊರಗೆ ಹೋಗುತ್ತಿದ್ದರೆ, ಮೆಸೇಜು ಬಂದ ಕೂಡಲೇ ಮುಖ ಸಣ್ಣದು ಮಾಡುತ್ತಿದ್ದರೆ, ಕಾರಣ ಹೇಳದೆ ಕೈಗಡ ಕೇಳುತ್ತಿದ್ದರೆ ಹತ್ತಿರ ಕೂತು ಕೇಳಬೇಕು. ಮಗಳು ಹೇಳಿಕೊಂಡರೆ ಮೊದಲು ಫೋನ್ ಕಸಿದುಕೊಳ್ಳಬಾರದು. ‘ರೊಕ್ಕ ಹೋದ್ರ ಹೋಗ್ಲಿ, ನೀ ಅಂಜಬ್ಯಾಡ’ ಎಂಬ ಒಂದು ಮಾತು ಜೀವ ಉಳಿಸುತ್ತದೆ. ಬೈಯುವುದು ನಾಳೆಯೂ ಆಗುತ್ತದೆ, 1930ಕ್ಕೆ ಫೋನ್ ಮಾಡುವುದು ಇಂದೇ ಆಗಬೇಕು.

ವಯಸ್ಸು ಮೀರುತ್ತಿದೆ ಎಂಬ ಚಿಂತೆ ಸುಳ್ಳಲ್ಲ. ಆದರೆ ಎರಡು ದಿನ ತಡವಾದರೆ ಮುರಿದುಬೀಳುವ ಸಂಬಂಧ ಸಂಬಂಧವೇ ಅಲ್ಲ. ಮುಂದಿನ ಸಲ ಮೊಬೈಲ್‌ನಲ್ಲಿ ಒಂದು ಒಳ್ಳೆಯ ಸ್ಥಳ ಬಂದರೆ ಫೋಟೊ ನೋಡಿ, ಬಯೋಡಾಟಾ ಓದಿ. ಆಮೇಲೆ ಸೋದರಮಾವನಿಗೆ ಒಂದು ಫೋನ್ ಮಾಡಿ, ಬಸ್ ಹತ್ತಿಸಿ. ಚಹಾದಂಗಡಿಯಲ್ಲಿ ಕೂತು ಕೇಳಿಕೊಂಡು ಬರಲಿ.